ಒಳಗೊಬ್ಬಳು ಕೇ ಝುನ್, ಹೊರಗೊಬ್ಬಳು

"ಈ ಹೆಸರಿನವಳು ಆಗಲೇ ಒಳಗಿದ್ದಾಳೆ," ಎಂದ ಪರ್ಮಿಟ್ ಅಧಿಕಾರಿ ದಾವ್, ಗಾಜಿನ ಹಿಂದಿನಿಂದ.

"ನಾನು ಬೆಳಿಗ್ಗೆಯಿಂದ ನಿಮ್ಮ ಕಣ್ಮುಂದೆ ಹೊರಗೆ ನಿಂತಿದೀನಿ ಸಾಹೇಬ್ರೇ," ಎಂದಳು ಹುಡುಗಿ. "ಒಳಗೆ ಹೆಂಗಿರ್ಲಿ?"

ಸಾಲಿನಲ್ಲಿದ್ದವರು ನಕ್ಕರು. ಹುಡುಗಿ ನಗಲಿಲ್ಲ. ಹೆಬ್ಬೆರಳನ್ನು ಮತ್ತೆ ಯಂತ್ರದ ಮೇಲೆ ಒತ್ತಿದಳು. ಮತ್ತೆ ಕೆಂಪು ದೀಪ, ಮತ್ತೆ ಅದೇ ಕರ್ಕಶ ಸದ್ದು. ಬೆರಳನ್ನು ಲುಂಗಿಗೆ ಒರೆಸಿಕೊಂಡು ಇನ್ನೊಮ್ಮೆ ಒತ್ತಿದಳು. ಯಂತ್ರವೂ ಅವಳಷ್ಟೇ ಹಟಮಾರಿ.

ನಾನು ದಾವ್‌ನ ಮಧ್ಯಾಹ್ನದ ಚಹಾ ಹಿಡಿದುಕೊಂಡು ಕಿಟಕಿಯ ಪಕ್ಕದಲ್ಲೇ ನಿಂತಿದ್ದೆ. ಅವನು ಪರದೆಯ ಮೇಲಿದ್ದ ಹೆಸರನ್ನು ಗಟ್ಟಿಯಾಗಿ ಓದಿದ. ಕೇ ಝುನ್. ಲೋಟ ತುಳುಕಿ ನನ್ನ ಕೈ ಸುಟ್ಟಿತು.

ಒಂದು ವಾರದಿಂದ ನಾನು ಹುಡುಕುತ್ತಿದ್ದದ್ದು ಅದೇ ಹೆಸರನ್ನು. ಹಸಿರು ಕಲ್ಲಿನ ವ್ಯಾಪಾರಿ ಊ ಬೋ ಯಾನ್ ತನ್ನದೇ ಕಾರ್ಖಾನೆಯ ನೀರಿನ ತೊಟ್ಟಿಯಲ್ಲಿ ಹೆಣವಾಗಿ ಸಿಕ್ಕಿದ್ದ; ಅವನಲ್ಲಿ ಕಲ್ಲು ಉಜ್ಜುತ್ತಿದ್ದ ಕೇ ಝುನ್ ಎಂಬವಳು ಅಂದಿನಿಂದ ನಾಪತ್ತೆಯಾಗಿದ್ದಳು.

ನನ್ನ ಹೆಸರು ಓನ್ ಶ್ವೇ. ಮ್ಯಾಂಡಲೆಯ ಪೊಲೀಸ್ ಪತ್ತೆದಳದಲ್ಲಿದ್ದೆ. ಮೇಲಧಿಕಾರಿಯ ಕೆನ್ನೆಗೆ ಬಾರಿಸಿದ ಮೇಲೆ ಅಲ್ಲಿರಲಿಲ್ಲ. ಈಗ ಬರ್ಮಾದಿಂದ ಶ್ವೇಲಿ ಹೊಳೆ ದಾಟಿದ ಈಚೆ ದಡದಲ್ಲಿ, ಚೀನೀಯರ ಗಡಿ ಕಚೇರಿಯ ಎದುರು, ಚಹಾದಂಗಡಿ ಇಟ್ಟಿದ್ದೇನೆ. ಪೊಲೀಸರ ಬಳಿ ಹೋಗಲಾರದ ನಮ್ಮ ಜನ ನನ್ನ ಬಳಿ ಬರುತ್ತಾರೆ, ಸಯಾಮ ಎಂದು ಕರೆಯುತ್ತಾರೆ. ಮೇಷ್ಟ್ರಮ್ಮ ಎಂದರ್ಥ. ನಾನು ಜನ್ಮದಲ್ಲಿ ಪಾಠ ಕಲಿಸಿದ್ದು ಆ ಒಂದು ಕೆನ್ನೆಗೆ ಮಾತ್ರ.

ಊ ಬೋ ಯಾನನ ಹೆಂಡತಿ ಗಂಡ ಸತ್ತ ಮರುದಿನವೇ ನನ್ನ ಅಂಗಡಿಗೆ ಬಂದು, ಅವರನ್ನು ಕೊಂದವರು ಯಾರೆಂದು ತಿಳಿಯದೆ ಒಂದು ತುತ್ತು ಅನ್ನ ಇಳಿಯುವುದಿಲ್ಲ ಎಂದು ಅತ್ತಿದ್ದಳು. ಇವತ್ತು ಏಳನೇ ದಿನ. ಬೆಳಿಗ್ಗೆ ಅವಳ ಮನೆಯಲ್ಲಿ ಭಿಕ್ಷುಗಳಿಗೆ ಊಟ ಬಡಿಸಿ, ಸತ್ತವನ ಜೀವಕ್ಕೆ ಇನ್ನು ಹೋಗಿ ಬಾ ಎಂದು ಹೇಳಿ ಕಳಿಸಿ ಬಂದಿದ್ದೆ. ಬಂದರೆ ಇಲ್ಲಿ ಇವಳು.

"ಪೊಲೀಸರಿಗೆ ಬೇಕಾದವಳು ನೀನು," ಎಂದ ದಾವ್. "ನಿನ್ನ ಹೆಸರಲ್ಲಿ ಹೋದ ವರ್ಷವೇ ಕೆಲಸದ ಪರ್ಮಿಟ್ ಕೊಟ್ಟಾಗಿದೆ. ಆದ್ರೆ ನಿನ್ನ ಹೆಬ್ಬೆಟ್ಟು ಹೊಂದ್ತಿಲ್ಲ. ಒಂದೋ ನೀನು ಕೊಲೆಗಾತಿ, ಇಲ್ಲಾ ನೀನು ಕೇ ಝುನ್ನೇ ಅಲ್ಲ. ಯಾವ್ದು ಹೇಳು."

"ಎರಡೂ ಅಲ್ಲ," ಎಂದಳು ಅವಳು. "ನಿಮ್ಮ ಯಂತ್ರ ಪೆದ್ದು."

ಸಾಲು ಈ ಸಲ ನಗಲಿಲ್ಲ. ದಾವ್ ಕೆಟ್ಟವನೆಂದು ಯಾರೂ ಹೇಳುತ್ತಿರಲಿಲ್ಲ. ಅವನ ತಾಯಿ ಹೊಳೆಯಾಚೆಯವಳು, ನಮ್ಮವಳು. ಅವನಿಗೆ ನಮ್ಮ ಮಾತು ನಮಗಿಂತ ಚೆನ್ನಾಗಿ ಬರುತ್ತದೆ. ಸದಾ ಸೂರ್ಯಕಾಂತಿ ಬೀಜ ಕಡಿಯುತ್ತ, ಸಿಪ್ಪೆಯನ್ನು ಅಂಗೈಯಲ್ಲೇ ಹಿಡಿದುಕೊಳ್ಳುವ ಶಿಸ್ತಿನ ಮನುಷ್ಯ. ಆದರೆ ಸೀಲು ಅವನ ಕೈಯಲ್ಲಿದೆ. ಈ ಕಚೇರಿಗೆ ಸೇತುವೆಯ ಕಡೆಗೊಂದು ಬಾಗಿಲು, ಪೇಟೆಯ ಕಡೆಗೊಂದು ಬಾಗಿಲು, ನಡುವೆ ದಾವ್. ಅವನೊಂದಿಗೆ ಹೀಗೆ ಮಾತಾಡಿದವರನ್ನು ನಾನು ನೋಡಿರಲಿಲ್ಲ, ಹಾಗಾಗಿ ಹುಡುಗಿ ನನಗೆ ಹಿಡಿಸಿದಳು.

ಚಹಾ ಅವನ ಮುಂದಿಟ್ಟು, ಕೈ ತೋರಿಸು ಎಂದೆ ಅವಳಿಗೆ. ನೀವ್ಯಾರು ಎಂದಳು. ಚಹಾ ಮಾರೋಳು ಎಂದೆ. ಚಹಾ ಮಾರೋಳಿಗೆ ಕೈ ಯಾಕೆ ತೋರಿಸಲಿ ಎಂದಳು. ಹಿಂದೆ ನಿಂತಿದ್ದ ಯಾರೋ, ಸಯಾಮ ಕೇಳಿದ್ರೆ ತೋರ್ಸಮ್ಮ, ಒಳ್ಳೇದಾಗತ್ತೆ ಎಂದರು. ಆಮೇಲೆ ತೋರಿಸಿದಳು.

ಬೆರಳ ತುದಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಮೂಸಿ ನೋಡಿದೆ. ಹೊಗೆಸೊಪ್ಪು. ಎಳೆವಯಸ್ಸಿನಿಂದ ಚುಟ್ಟಾ ಸುತ್ತಿದ ಕೈ ಅದು. ಕಲ್ಲು ಉಜ್ಜುವವರ ಕೈಯೇ ಬೇರೆ. ದಿನವಿಡೀ ನೀರಿನಲ್ಲಿ ನೆಂದು ಬೆರಳುಗಳು ಸುಕ್ಕುಗಟ್ಟಿರುತ್ತವೆ. ಉಗುರಿನ ಸಂದಿಯಲ್ಲಿ ಹಸಿರುಗಪ್ಪು ಕೊಳೆ ಕೂತಿರುತ್ತದೆ, ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಈ ಹುಡುಗಿ ಜನ್ಮದಲ್ಲಿ ಒಂದು ಕಲ್ಲು ಉಜ್ಜಿದವಳಲ್ಲ.

ವಿಚಾರಿಸಿದೆ. ಪಕೊಕ್ಕು ಕಡೆಯ ಹಳ್ಳಿ. ಚುಟ್ಟಾ ಕೆಲಸ ನಿಂತುಹೋಗಿತ್ತು. ಹೋದ ವರ್ಷ ಊರಿಗೆ ಬಂದಿದ್ದ ಒಬ್ಬ ಏಜೆಂಟು ಚೀನಾದಲ್ಲಿ ಕೆಲಸ ಕೊಡಿಸುತ್ತೇನೆಂದು ಅವಳ ಗುರುತಿನ ಚೀಟಿಯ ನಕಲು ತೆಗೆದುಕೊಂಡು ಹೋದವನು ತಿರುಗಿ ಮುಖ ತೋರಿಸಲಿಲ್ಲ. ಕಾದು ಕಾದು ಸಾಕಾಗಿ ಈ ವರ್ಷ ತಾನೇ ಗಡಿ ಪಾಸು ಮಾಡಿಸಿಕೊಂಡು ಬಸ್ಸು ಹತ್ತಿದ್ದಳು. ಬಟ್ಟೆ ಕಾರ್ಖಾನೆಯೊಂದರಲ್ಲಿ ಕೆಲಸವೂ ಗೊತ್ತಾಗಿತ್ತು. ಪರ್ಮಿಟ್ ಒಂದು ಸಿಕ್ಕರೆ ನಾಳೆಯಿಂದ ಹೊಲಿಗೆ ಯಂತ್ರದ ಮುಂದೆ.

ನಕಲು ಎಲ್ಲಿಗೆ ಹೋಯಿತೆಂದು ನನಗೆ ಹೊಳೆಯಿತು. ಅವಳಿಗೂ ಹೊಳೆಯಿತು.

"ಯಾರೋ ನನ್ನ ಹೆಸರು ಹಾಕ್ಕೊಂಡು ಓಡಾಡ್ತಿದಾಳೆ," ಎಂದಳು. "ಕೊಲೆ ಬೇರೆ ಮಾಡಿದಾಳೆ. ನನ್ನ ಹತ್ರ ಇರೋದು ಹೆಸರೊಂದೇ ಸಯಾಮ, ಅದನ್ನೂ ಕೊಲೆಗಾತಿ ಹೆಸರು ಮಾಡ್ಬಿಟ್ಲಾ?"

ಕೈ ಸಾಕ್ಷಿಯಲ್ಲ ಎಂದ ದಾವ್. ನಿಯಮದ ಪ್ರಕಾರ ಇವಳನ್ನು ಈಗಲೇ ಪೊಲೀಸರಿಗೆ ಒಪ್ಪಿಸಬೇಕು. ಅವರು ನಂಬಿದರೆ ಜೈಲು ತಪ್ಪುತ್ತದೆ, ಆದರೆ ಸುಳ್ಳು ಹೆಸರಿನವಳೆಂದು ಸೇತುವೆಯಾಚೆ ದಬ್ಬುತ್ತಾರೆ, ಈ ಜನ್ಮದಲ್ಲಿ ಮತ್ತೆ ದಾಟುವಂತಿಲ್ಲ. ಇಷ್ಟು ಹೇಳಿ ಒಂದು ಬೀಜ ಕಡಿದ. ಆಮೇಲೆ ಗಾಜಿನ ತೂತಿಗೆ ಬಾಯಿ ತಂದು ದನಿ ಇಳಿಸಿದ.

"ಗೇಟು ಮುಚ್ಚೋದರೊಳಗೆ ಆ ಇನ್ನೊಬ್ಬಳನ್ನ ಕರ್ಕೊಂಡು ಬನ್ನಿ ಸಯಾಮ. ನಿಮ್ಮ ಕೈಲಾಗದೆ ಇನ್ಯಾರ ಕೈಲಾಗುತ್ತೆ. ಅವಳ ಹೆಬ್ಬೆಟ್ಟು ಹೊಂದಿದ್ರೆ ಇವಳಿಗೆ ಇವತ್ತೇ ಪರ್ಮಿಟ್ ಒತ್ತಿ ಕೊಡ್ತೀನಿ. ಅಲ್ಲೀವರೆಗೂ ಪೊಲೀಸ್ರಿಗೆ ಫೋನ್ ಮಾಡಲ್ಲ. ನನ್ನ ಮಾತು."

ತಾಯಿ ನಮ್ಮವಳಲ್ಲವೇ, ರಕ್ತ ಎಳೆಯುತ್ತದೆ ಎಂದುಕೊಂಡೆ. ಕೈ ಮುಗಿದೆ.

ಹುಡುಗಿಯನ್ನು ಮೂಲೆಯ ಬೆಂಚಿನಲ್ಲಿ ಕೂರಲು ಹೇಳಿದರು. ಅವಳು ತನ್ನ ಚೀಲವನ್ನು ಕಿಟಕಿಯ ಕೆಳಗೇ ಇಟ್ಟು ಅದರ ಮೇಲೆ ಕೂತಳು. ಹಿಂದಿದ್ದವನು ದಾರಿ ಬಿಡಮ್ಮ ಎಂದ. ದಾಟ್ಕೊಂಡು ಹೋಗಣ್ಣ ಎಂದಳು. ನಾನು ಹೊರಬಿದ್ದಾಗ ಅವನು ಲುಂಗಿ ಎತ್ತಿಕೊಂಡು ಅವಳನ್ನು ದಾಟುತ್ತಿದ್ದ.

ಎಲ್ಲಿಗೆ ಹೋಗುವುದು? ಒಂದು ವಾರ ಕಾರ್ಖಾನೆಗಳು, ಬಾಡಿಗೆ ಕೋಣೆಗಳು, ಬಸ್ ನಿಲ್ದಾಣ ಎಲ್ಲ ಜಾಲಾಡಿದ್ದೆ. ಆದರೆ ಅಷ್ಟು ದಿನ ನಾನು ಹುಡುಕಿದ್ದು ಪಕೊಕ್ಕುವಿನ ಕೇ ಝುನ್‌ಳನ್ನು. ಅಂಥವಳು ಈ ಪೇಟೆಯಲ್ಲಿ ಇರಲೇ ಇಲ್ಲ. ಇದ್ದವಳು ಬೇರೆ ಯಾರೋ, ಅವಳ ಊರು, ಅಪ್ಪ, ಅಮ್ಮ ಯಾವುದೂ ನನಗೆ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ: ಅವಳು ನಮ್ಮವಳು.

ನಮ್ಮವಳಾದರೆ, ಏಳನೇ ದಿನ ಸುಮ್ಮನೆ ಕೂರಲಾರಳು. ಕೊಂದವಳಾದರೆ ಸತ್ತವನ ಭಯ. ಕೊಲ್ಲದಿದ್ದರೆ ಸತ್ತವನ ಋಣ. ಅನ್ನ ಹಾಕಿದವನ ಏಳನೇ ದಿನಕ್ಕೆ ಅವನ ಮನೆಗೆ ಹೋಗುವ ಹಾಗಿಲ್ಲದವಳು ಇನ್ನೆಲ್ಲಿಗೆ ಹೋದಾಳು? ನೇರ ಪಗೋಡದ ಹಾದಿ ಹಿಡಿದೆ.

ಸಂತೆಯ ಹಿಂದಿನ ದಿಬ್ಬದ ಮೇಲೆ ನಮ್ಮ ಜನ ಸೇರಿ ಕಟ್ಟಿಸಿದ ಸಣ್ಣ ಪಗೋಡ ಅದು. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಸೋಮವಾರದ ಮೂಲೆಗೆ ಹೋಗಿ ಕೂತೆ. ಎಂಟು ದಿಕ್ಕಿಗೆ ಎಂಟು ಮೂಲೆ, ಒಂದೊಂದು ವಾರಕ್ಕೆ ಒಂದೊಂದು. ಬುಧವಾರಕ್ಕೆ ಮಾತ್ರ ಬೆಳಗಿನದು, ಸಂಜೆಯದು ಎಂದು ಎರಡು. ಪ್ರತಿ ಮೂಲೆಗೂ ಒಂದು ಪ್ರಾಣಿ ಕಾವಲು. ಹುಟ್ಟಿದ ವಾರದ ಮೂಲೆಯಲ್ಲಿ ಬುದ್ಧನಿಗೆ ನೀರೆರೆದರೆ ಗ್ರಹದ ಕಾಟ ತಪ್ಪುತ್ತದೆ. ಸೋಮವಾರಕ್ಕೆ ಹುಲಿ. ಹೆಸರಿನ ಮೊದಲ ಅಕ್ಷರ ಕೇಳಿದರೇ ನಮ್ಮವರಿಗೆ ವಾರ ತಿಳಿಯುತ್ತದೆ, ಹಾಗೆಯೇ ಇಡುವುದು ಪದ್ಧತಿ. ಕೇ ಝುನ್ ಎಂದಮೇಲೆ ಸೋಮವಾರದವಳೇ.

ಹುಲಿಯ ಮುಂದೆ ಒಬ್ಬ ಮುದುಕ ಬಂದು ಹೋದ. ಒಬ್ಬ ಬಸುರಿ ಬಂದು ಹೋದಳು. ಬೇರೆ ಯಾರೂ ಬರಲಿಲ್ಲ. ಬಿಸಿಲು ಇಳಿಯುತ್ತಿತ್ತು, ನನ್ನ ಕಾಲು ಜೋಮು ಹಿಡಿದಿತ್ತು.

ಹೂ ಮಾರುವ ಅಜ್ಜಿ ಎಲೆಯಡಿಕೆ ಜಗಿಯುತ್ತ ನನ್ನನ್ನೇ ನೋಡುತ್ತಿದ್ದಳು. ಕಲ್ಲು ಉಜ್ಜೋ ಕೇ ಝುನ್ ಇಲ್ಲಿಗೆ ಬರ್ತಾಳಾ ಎಂದು ಕೇಳಿದೆ. ದಿನಾ ಬರುತ್ತಿದ್ದಳು, ಒಂದು ವಾರದಿಂದ ಕಾಣಲಿಲ್ಲ, ಈಗಷ್ಟೇ ಬಂದಳು ಎಂದಳು ಅಜ್ಜಿ. ನಾನು ಹುಲಿಯನ್ನು ಬಿಟ್ಟು ಕಣ್ಣು ಕದಲಿಸಿಲ್ಲ ಎಂದೆ.

"ಹುಲಿ ಹತ್ರ ಯಾಕೆ ನೋಡ್ತೀಯ?" ಎಂದಳು ಅಜ್ಜಿ. "ಆ ಮಗು ಯಾವಾಗ್ಲೂ ನಾಗನ ಹತ್ರ. ನಾನೂ ಒಂದ್ಸಲ ಕೇಳ್ದೆ, ಸೋಮವಾರದವಳು ಶನಿವಾರದ ಮೂಲೆಗೆ ಯಾಕೆ ಹೋಗ್ತೀಯ ಅಂತ. ಅಮ್ಮನ ವಾರ ಅಂದ್ಳು."

ಎಂಥ ಪೆದ್ದಿ ನಾನು. ಹೆಸರು ಕದಿಯಬಹುದು, ಊರು ಕದಿಯಬಹುದು, ಚೀನೀ ಅಧಿಕಾರಿಗೆ ಹುಟ್ಟಿದ ತಾರೀಖನ್ನು ಬಾಯಿಪಾಠ ಮಾಡಿ ಒಪ್ಪಿಸಬಹುದು. ಆದರೆ ದೇವರ ಮುಂದೆ ತನ್ನ ಪಾಲಿನ ನೀರನ್ನು ಇನ್ನೊಬ್ಬಳ ಗ್ರಹಕ್ಕೆ ಸುರಿಯುವಷ್ಟು ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಅದೂ ಶನಿಯ ವಾರದಲ್ಲಿ ಹುಟ್ಟಿದವಳಿಗೆ! ಶನಿಯನ್ನು ಎದುರು ಹಾಕಿಕೊಂಡು ಗಡಿ ದಾಟಿ ಬದುಕುವವರು ಯಾರು?

ಸುತ್ತು ಹಾಕಿ ಹೋದೆ. ನಾಗನ ಕಲ್ಲಿನ ಮುಂದೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು, ಪಕ್ಕದಲ್ಲಿ ಹೂವಿನ ರಾಶಿಯಿಟ್ಟು, ಸಣ್ಣ ಬಟ್ಟಲಿನಿಂದ ನೀರೆರೆಯುತ್ತಿದ್ದಳು. ಕೈ ನೋಡಿದೆ. ಸುಕ್ಕುಗಟ್ಟಿದ ಬೆರಳು, ಉಗುರಿನ ಸಂದಿಯಲ್ಲಿ ಹಸಿರುಗಪ್ಪು.

ಅವಳ ಪಕ್ಕದಲ್ಲಿ ಮಂಡಿಯೂರಿ ಕೂತೆ.

"ಸೋಮವಾರ ಹುಟ್ಟಿದವಳು ದಿನಾ ನಾಗನಿಗೆ ನೀರು ಹಾಕಿದ್ರೆ ಹುಲಿ ಸುಮ್ನಿರುತ್ತಾ ಮಗಳೇ?"

ಬಟ್ಟಲು ಗಾಳಿಯಲ್ಲೇ ನಿಂತಿತು. ಅವಳು ತಿರುಗಲಿಲ್ಲ. "ಇದು ನಮ್ಮಮ್ಮನ ವಾರ."

"ಅಮ್ಮನ ವಾರಕ್ಕೆ ಅಮ್ಮ ಹಾಕ್ಕೊಳ್ತಾಳೆ. ನಿನ್ನ ಹೆಸರೇನು? ಪರ್ಮಿಟ್‌ನಲ್ಲಿರೋದಲ್ಲ."

ಓಡುತ್ತಾಳೆ ಎಂದುಕೊಂಡು ನಾನು ಅವಳ ಲುಂಗಿಯ ತುದಿಯನ್ನು ಮೊಣಕಾಲಡಿ ಒತ್ತಿ ಹಿಡಿದಿದ್ದೆ. ಅದನ್ನು ನೋಡಿ ಅವಳಿಗೆ ನಗು ಬಂತು.

"ಬಿಡಿ ಅಕ್ಕ, ಎಲ್ಲಿಗೆ ಓಡ್ಲಿ. ಇರೋದು ಒಂದೇ ಗೇಟು," ಎಂದಳು. "ನ್ವೇ ಊ. ಶನಿವಾರದವಳು. ನನ್ನ ಹೆಸರು ಬಾಯಲ್ಲಿ ಹೇಳಿ ವರ್ಷ ಆಯ್ತು."

ಅವಳ ಕತೆ ಹೊಸದೇನಲ್ಲ. ಮೊದಲೊಮ್ಮೆ ಸರಿಯಾದ ಪಾಸಿನಲ್ಲೇ ಬಂದಿದ್ದಳು. ಆಗಿನ ಧಣಿ ಪಾಸು ಕಿತ್ತಿಟ್ಟುಕೊಂಡ, ಅವಧಿ ಮೀರಿತು, ಸಿಕ್ಕಿಬಿದ್ದಳು. ಅವಳ ಹೆಸರನ್ನು ಕಪ್ಪುಪಟ್ಟಿಗೆ ಸೇರಿಸಿ ಆಚೆ ಕಳಿಸಿದರು. ತಪ್ಪು ಧಣಿಯದು, ಶಿಕ್ಷೆ ಇವಳದು. ಆಮೇಲೆ ಒಬ್ಬ ಏಜೆಂಟು ಬಂದು, ಕಳಂಕವಿಲ್ಲದ ಹೆಸರೊಂದಿದೆ, ತಿಂಗಳ ಸಂಬಳದಲ್ಲಿ ಪಾಲು ಕೊಡುವುದಾದರೆ ನಿನ್ನದು ಎಂದ. ರಜೆಯ ದಿನ, ಸಾಲಿಲ್ಲದ ಹೊತ್ತಿನಲ್ಲಿ ಕಚೇರಿಗೆ ಕರೆಸಿ ಹೆಬ್ಬೆಟ್ಟು ತೆಗೆದುಕೊಂಡರು. ಹೀಗೆ ಬಂದವಳು ತಾನೊಬ್ಬಳೇ ಅಲ್ಲ ಎಂದಳು. ಊ ಬೋ ಯಾನ್‌ಗೆ ಅದು ಗೊತ್ತಾಗಿ, ಬಡವರ ಹೆಸರು ಮಾರಿ ತಿನ್ನುವವನ ಬಳಿ ಹೋಗಿ ಮುಖಾಮುಖಿ ಮಾತಾಡಿ ಬರುತ್ತೇನೆ, ಮುಚ್ಚಳಿಕೆ ಬರೆಸಿಕೊಳ್ಳುತ್ತೇನೆ ಎಂದು ಹೊರಟ. ಮರುದಿನ ಕೆಲಸಕ್ಕೆ ಹೋದವಳು ತೊಟ್ಟಿಯಲ್ಲಿ ಅವನ ಬೆನ್ನು ಕಂಡಳು.

"ಸಾಯಿಸಿದ್ದು ನಾನಲ್ಲ," ಎಂದಳು. "ಮಾವ ಅಂತ ಕರೀತಿದ್ದೆ ಅವರನ್ನ. ನಂಬ್ತೀರೋ ಬಿಡ್ತೀರೋ ನಿಮ್ಮಿಷ್ಟ."

ನಂಬಿದೆ. ಕೊಂದವಳು ಸತ್ತವನ ಪಾಲಿಗೆ ಇಷ್ಟು ಹೂ ತರುವುದಿಲ್ಲ. ಹೆಸರು ಮಾರಿದವನು ಯಾರೆಂದು ಕೇಳಿದೆ. ಅವಳು ಬಟ್ಟಲನ್ನು ತೊಟ್ಟಿಯಲ್ಲಿ ಮತ್ತೆ ಅದ್ದಿದಳು.

ಆಗ ನಾನು ಕಚೇರಿಯಲ್ಲಿ ಚೀಲದ ಮೇಲೆ ಕೂತಿರುವವಳ ಸಂಗತಿ ಹೇಳಿದೆ. ನ್ವೇ ಊ ಮುಖ ಗಂಟಿಕ್ಕಿದಳು. ಅವಳು ನನಗೇನಾಗಬೇಕು, ನನಗಾದಾಗ ಯಾರು ಬಂದರು, ನಾನ್ಯಾಕೆ ಬಂದು ಉರುಳಿಗೆ ಕತ್ತು ಕೊಡಲಿ ಎಂದು ಸರಿಯಾಗಿಯೇ ಕೇಳಿದಳು.

"ಏನೂ ಆಗಬೇಕಿಲ್ಲ," ಎಂದೆ. "ಅವಳ ಬಟ್ಟೆ ಉಟ್ಕೊಂಡಿದೀಯ. ಒಂದು ವರ್ಷ ಉಟ್ಟಿದ್ದಾಯ್ತಲ್ಲ, ಈಗ ಒಗೆದು ವಾಪಸ್ ಕೊಡು. ಕೊಲೆಯ ಮಾತು ನನ್ನ ತಲೆ ಮೇಲಿರ್ಲಿ, ನಿನ್ನನ್ನ ನಾನು ಒಂಟಿಯಾಗಿ ಬಿಡಲ್ಲ."

ಅವಳು ನಾಗನ ಹೆಡೆಯನ್ನೇ ನೋಡುತ್ತ ಕೂತಳು.

"ಕಿಟಕಿಯಲ್ಲಿ ಇವತ್ತು ಯಾರಿದಾರೆ?"

"ದಾವ್ ಸಾಹೇಬ. ಮಾತು ಕೊಟ್ಟಿದಾನೆ."

ಸಣ್ಣಗೆ ನಕ್ಕಳು. "ಅಲ್ಲಿ ಜನ ಇರ್ತಾರಾ?"

"ಆ ಸಾಲು ಕರಗಿದ್ದನ್ನ ಯಾವತ್ತು ನೋಡಿದೀಯ?"

"ಹಂಗಾದ್ರೆ ಬರ್ತೀನಿ. ಎಷ್ಟು ದಿನ ಅಂತ ಬಚ್ಚಿಟ್ಕೊಳ್ಳಿ," ಎಂದು ಬಟ್ಟಲಿನಲ್ಲಿ ಉಳಿದಿದ್ದ ನೀರನ್ನೆಲ್ಲ ಒಂದೇ ಸಲಕ್ಕೆ ಸುರಿದು ಎದ್ದಳು. ಹುಡುಗಿಗೆ ಎದೆಗಾರಿಕೆ ಇದೆ ಎಂದುಕೊಂಡೆನೇ ಹೊರತು, ಆ ನಗುವಿನ ಅರ್ಥವೇನೆಂದು ನಾನು ಕೇಳಲಿಲ್ಲ.

ಕಚೇರಿಯ ಬಾಗಿಲು ತಳ್ಳಿದರೆ ಒಳಗೆ ಸಾಲಿರಲಿಲ್ಲ. ಬೆಂಚುಗಳು ಖಾಲಿ. ಸೇತುವೆ ಕಡೆಯ ಬಾಗಿಲಿಗೆ ಆಗಲೇ ಅಗಳಿ ಬಿದ್ದಿತ್ತು. ಕಾವಲಿನವನೂ ಇರಲಿಲ್ಲ. ಕಿಟಕಿಯ ಕೆಳಗೆ ಕೇ ಝುನ್ ಒಬ್ಬಳೇ ಚೀಲದ ಮೇಲೆ ಕೂತಿದ್ದಳು.

ಯಂತ್ರ ಕೆಟ್ಟಿದೆ, ನಾಳೆ ಬನ್ನಿ ಎಂದು ಎಲ್ಲರನ್ನೂ ಕಳಿಸಿಬಿಟ್ಟರಂತೆ. ಇವಳಿಗೆ ಮೂಲೆಗೆ ಹೋಗು ಎಂದರಂತೆ. ಹೋಗಲಿಲ್ಲವಂತೆ.

ನನ್ನ ಪಕ್ಕದಲ್ಲಿ ನ್ವೇ ಊ ಖಾಲಿ ಬೆಂಚುಗಳನ್ನು ನೋಡುತ್ತ ನಿಂತಳು. ಒಂದು ಹೆಜ್ಜೆ ಹಿಂದೆ ಇಟ್ಟವಳು, ಕೇ ಝುನ್ ತಲೆಯೆತ್ತಿ ನೋಡಿದ್ದರಿಂದಲೋ ಏನೋ, ಮತ್ತೆ ಮುಂದೆ ಬಂದಳು. ಒಂದೇ ಹೆಸರಿನ ಇಬ್ಬರೂ ಎದುರುಬದುರಾದರು.

"ನೀನಾ?" ಎಂದಳು ಕೇ ಝುನ್.

"ಹ್ಞೂ."

"ನನ್ನ ಹೆಸರಲ್ಲಿ ಏನೇನು ಮಾಡ್ದೆ?"

"ಕಲ್ಲು ಉಜ್ಜಿದೆ," ಎಂದಳು ನ್ವೇ ಊ. "ಆಣೆಗೂ ಅಷ್ಟೇ."

ಕೇ ಝುನ್ ಅವಳ ಕೈಗಳನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಚೀಲವನ್ನು ಸ್ವಲ್ಪ ಸರಿಸಿ ದಾರಿ ಬಿಟ್ಟಳು.

ದಾವ್ ಅಂಗೈಯಲ್ಲಿದ್ದ ಸಿಪ್ಪೆಯನ್ನು ಬುಟ್ಟಿಗೆ ಹಾಕಿ ಕೈ ಒರೆಸಿಕೊಂಡ. "ಬಾ ನ್ವೇ ಊ, ಬಲಗೈ ಹೆಬ್ಬೆರಳು ಇಡು," ಎಂದ. ಅವಳು ಇಟ್ಟಳು. ಹಸಿರು ದೀಪ ಹತ್ತಿತು. ಇಡೀ ದಿನ ಅರಚಿಕೊಂಡಿದ್ದ ಯಂತ್ರ ಸದ್ದಿಲ್ಲದೆ ಒಪ್ಪಿಕೊಂಡಿತು.

ಮಾತಿನಂತೆ ನಡೆದುಕೊಂಡ. ಹಳೆಯದನ್ನು ಅಳಿಸಿ, ಕೇ ಝುನ್‌ಳ ಹೆಬ್ಬೆಟ್ಟು ಹೊಸದಾಗಿ ತೆಗೆದುಕೊಂಡು, ಪರ್ಮಿಟ್ ಅಚ್ಚು ಹಾಕಿ, ಸೀಲು ಒತ್ತಿ ಕಿಟಕಿಯಿಂದ ಆಚೆ ತಳ್ಳಿದ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ತನ್ನ ಹೆಸರನ್ನು ಓದಿದಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ನೀವಿಬ್ಬರೂ ಹೊರಡಿ, ಇವಳು ಇಲ್ಲೇ ಇರಲಿ, ಪೊಲೀಸರಿಗೆ ಈಗ ಫೋನ್ ಮಾಡುತ್ತೇನೆ ಎಂದ ದಾವ್. ಪೊಲೀಸರು ಬರುವ ತನಕ ನಾನೂ ಇರುತ್ತೇನೆ ಎಂದೆ. ಬಾಗಿಲಾಚೆ ಕಾಯಿರಿ, ಒಳಗೆ ಇರುವಂತಿಲ್ಲ, ಕಚೇರಿ ಮುಚ್ಚುವ ಹೊತ್ತು ಎಂದ. ನ್ವೇ ಊ ನನ್ನನ್ನೇ ನೋಡುತ್ತಿದ್ದಳು. ಕೇ ಝುನ್‌ಳ ಭುಜ ಹಿಡಿದು ಪೇಟೆಯ ಬಾಗಿಲ ತನಕ ಹೋದೆ.

ಹೋದವಳು ನಿಂತೆ.

ಬಾ ನ್ವೇ ಊ, ಎಂದಿದ್ದ.

ಆ ಹೆಸರು ನನಗೆ ತಿಳಿದದ್ದು ಪಗೋಡದಲ್ಲಿ, ಸ್ವಲ್ಪ ಹೊತ್ತಿನ ಹಿಂದೆ. ಇಲ್ಲಿಗೆ ಬಂದ ಮೇಲೆ ನಾನು ಅದನ್ನು ಬಾಯಿಬಿಟ್ಟಿರಲಿಲ್ಲ. ಅವಳೂ ಬಿಟ್ಟಿರಲಿಲ್ಲ.

"ಸಾಹೇಬ್ರೇ," ಎಂದೆ ತಿರುಗಿ, "ಇವಳ ಹೆಸರು ನ್ವೇ ಊ ಅಂತ ನಿಮಗೆ ಯಾರು ಹೇಳಿದ್ರು?"

"ಪರದೆ ಮೇಲಿತ್ತು."

"ಪರದೆ ಮೇಲಿದ್ದದ್ದು ಕೇ ಝುನ್. ನೀವೇ ಗಟ್ಟಿಯಾಗಿ ಓದಿದ್ರಿ. ನನ್ನ ಕೈ ಸುಟ್ಟಿದ್ದು ಇನ್ನೂ ಉರೀತಿದೆ."

ದಾವ್ ಹೊಸ ಬೀಜವೊಂದನ್ನು ತೆಗೆದುಕೊಂಡ, ಕಡಿಯಲಿಲ್ಲ. ನ್ವೇ ಊ ತನ್ನ ಹೆಬ್ಬೆರಳನ್ನು ಎತ್ತಿ ತೋರಿಸಿದಳು.

"ರಜೆಯ ದಿನ ಈ ಬೆರಳು ಹಿಡಿದು ಯಂತ್ರದ ಮೇಲೆ ಒತ್ತಿದ್ದು ಇವ್ರೇ ಅಕ್ಕ. ಜನರ ಮುಂದೆ ಹೇಳೋಣ ಅಂತ ಬಂದೆ. ಜನಾನೇ ಇಲ್ಲ."

ಮೈಯೆಲ್ಲ ಉರಿದುಹೋಯಿತು ನನಗೆ. ಪೊಲೀಸರಿಗೆ ಫೋನ್ ಮಾಡದೆ ಕಾದಿದ್ದು ಕರುಣೆಯಿಂದಲ್ಲ. ಅವರು ಬಂದರೆ ಆ ಹಳೆಯ ಪರ್ಮಿಟ್ ಕೊಟ್ಟವರು ಯಾರೆಂದು ಕೇಳುತ್ತಿದ್ದರು. ಅವನಿಗೆ ಬೇಕಿದ್ದದ್ದು ಇವಳು, ಅವನ ಮುಖ ನೋಡಿದ್ದವಳು. ಅವಳನ್ನು ಹುಡುಕಿ ತರಲು ಪೇಟೆಗೆಲ್ಲ ಜಾಣೆ ಎನಿಸಿಕೊಂಡ ಸಯಾಮ ಸಿಕ್ಕಿದಳು. ಕುರಿಯನ್ನು ಕೈಹಿಡಿದು ನಡೆಸಿ ಕಟುಕನ ಅಂಗಡಿಗೆ ತಂದು ನಿಲ್ಲಿಸಿದ್ದೆ, ಮೇಲೆ ಚಹಾ ಬೇರೆ ಕೊಟ್ಟಿದ್ದೆ.

"ಸಯಾಮ," ಎಂದ ದಾವ್, ಅದೇ ಮೃದು ದನಿಯಲ್ಲಿ, "ನೀವು ಬಂದಿದ್ದು ಆ ಹುಡುಗಿಗೆ ಪರ್ಮಿಟ್ ಕೊಡಿಸೋಕೆ. ಸಿಕ್ಕಿದೆ. ನಾನು ಇಲ್ಲೊಂದು ಗುಂಡಿ ಒತ್ತಿದ್ರೆ ಅವಳ ಕೈಲಿರೋದು ಬರೀ ಕಾಗದ. ಅವಳು ಮತ್ತೆ ಕೊಲೆಗಾತಿ. ಈಗ ಬಾಗಿಲು ದಾಟಿ ಹೋಗ್ತೀರಾ, ಇಲ್ಲಾ ಗುಂಡಿ ಒತ್ತಲಾ?"

ಆ ಪರ್ಮಿಟ್ ನನ್ನದಾಗಿದ್ದರೆ ಅವನ ಕೆನ್ನೆಗೂ ಪಾಠ ಕಲಿಸುತ್ತಿದ್ದೆ. ಆದರೆ ಕಾಗದ ನನ್ನದಲ್ಲ, ಹೆಸರು ನನ್ನದಲ್ಲ. ಇನ್ನೊಬ್ಬಳ ಬದುಕಿನ ಮೇಲೆ ನಿಂತು ನಾನು ಧೈರ್ಯ ತೋರಿಸುವುದು ಯಾವ ನ್ಯಾಯ? ಕೇ ಝುನ್ ಕಡೆ ನೋಡಿದೆ. ಹೋಗೋಣ ಎಂದಿದ್ದರೆ ಅವಳ ಮೇಲೆ ನಾನು ತಪ್ಪು ಹೊರಿಸುತ್ತಿರಲಿಲ್ಲ. ಬಾಗಿಲಾಚೆ ಅವಳಿಗಾಗಿ ಹೊಲಿಗೆ ಯಂತ್ರವೊಂದು ಕಾಯುತ್ತಿತ್ತು.

ಅವಳು ಪರ್ಮಿಟನ್ನು ಮಡಚಿ ರವಿಕೆಯೊಳಗೆ ಸೇರಿಸಿಕೊಂಡಳು. ನನ್ನ ಕೈಯನ್ನು ಭುಜದಿಂದ ಮೆಲ್ಲಗೆ ಬಿಡಿಸಿದಳು. ನೇರ ಹಿಂದಕ್ಕೆ ನಡೆದು, ಕಿಟಕಿಯ ಕೆಳಗೆ ಚೀಲ ಇಟ್ಟು, ನ್ವೇ ಊವಿನ ಕಾಲ ಬಳಿ ಮತ್ತೆ ಕೂತಳು.

"ಬರ್ಕೊಳ್ಳಿ," ಎಂದಳು. "ನಾನು ಕೇ ಝುನ್, ಸೋಮವಾರ ಹುಟ್ಟಿದವಳು, ಈ ಪೇಟೆಯಲ್ಲಿ ಕೆಲಸ ಮಾಡೋಕೆ ಪರವಾನಗಿ ಇರೋಳು. ಸೀಲು ನಿಮ್ದೇ. ಇವಳು ಹೇಳಿದ್ದನ್ನ ನಾನು ಕೇಳಿಸ್ಕೊಂಡೆ. ನಿನ್ನೆವರೆಗೂ ನಾನು ಯಾರೂ ಅಲ್ಲ, ಈಗ ಸಾಕ್ಷಿ ಹೇಳಬಹುದು ತಾನೇ?"

"ಅದನ್ನ ರದ್ದು ಮಾಡ್ತೀನಿ ಅಂದೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ಮಾಡಿ. ಕೊಟ್ಟ ದಿನವೇ ಯಾಕೆ ರದ್ದು ಮಾಡ್ದೆ ಅಂತ ನಿಮ್ಮನ್ನೂ ಯಾರಾದ್ರೂ ಕೇಳ್ತಾರೆ."

ದಾವ್ ಕಡಿಯದ ಬೀಜವನ್ನು ಮೇಜಿನ ಮೇಲಿಟ್ಟ. ಅವನ ಕೈ ಮೇಜಿನ ಅಡಿಗೆ ಹೋಯಿತು. ನನ್ನ ತಲೆಯ ಮೇಲೆ ಮೋಟಾರು ಗುರುಗುಟ್ಟಿತು. ಪೇಟೆ ಕಡೆಯ ಬಾಗಿಲ ಶಟರ್ ಕೆಳಗಿಳಿಯತೊಡಗಿತು. ಹೊರಗೆ ನನ್ನ ಅಂಗಡಿಯ ಒಲೆ ಕಾಣುತ್ತಿತ್ತು. ಒಂದು ಹೆಜ್ಜೆ ಇಟ್ಟಿದ್ದರೆ ನಾನು ಆಚೆ.

ಈಚೆ ಇಟ್ಟೆ.

"ಊ ಬೋ ಯಾನ್ ಕೂಡ ಸಾಕ್ಷಿ ಹೇಳ್ತೀನಿ ಅಂತಲೇ ಬಂದಿದ್ದ," ಎಂದ ದಾವ್. "ಇದೇ ಜಾಗದಲ್ಲಿ ನಿಂತು."

"ಅವರು ಒಬ್ರೇ ಬಂದಿದ್ರು," ಎಂದಳು ಕೇ ಝುನ್.

ಶಟರ್ ನೆಲ ಮುಟ್ಟಿತು. ಮೋಟಾರು ನಿಂತ ಮೇಲೆ, ಹೊರಗಿನಿಂದ ಯಾರೋ ಕೊಂಡಿ ಎಳೆದು ಬೀಗ ಜಡಿದ ಸದ್ದು ಕೇಳಿತು. ನಾನು ದಾವ್ ಕಡೆ ತಿರುಗಿದೆ. ಬೀಗ ಹಾಕಲು ಅವನು ಯಾರಿಗೂ ಹೇಳಿರಲಿಲ್ಲ; ಹೆಸರು ಮಾರುವ ದಂಧೆಯಲ್ಲಿ ಅವನ ಮೇಲೂ ಯಾರೋ ಇದ್ದರು, ಅವರಿಗೆ ಈಗ ಅವನೂ ಒಬ್ಬ ಸಾಕ್ಷಿ. ಅವನ ಮುಖ ನಮ್ಮೆಲ್ಲರಿಗಿಂತ ಬಿಳುಚಿತ್ತು.